ಮಾತು ಬಿಟ್ಟವರ ಜೊತೆ ದೋಣಿಯಲ್ಲಿ ಒಂದು ದಿನ

ನಮ್ಮ ಕಡೆಯವರು ನೀರಿನ ಹತ್ತಿರ ಹೋದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಅದರಲ್ಲಿ ನಮ್ಮ ತಪ್ಪೇನೂ ಇಲ್ಲ. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆ ಹುಟ್ಟಿದವರಿಗೆ ನೀರು ಅಂದರೆ ಕೆರೆ. ಕೆರೆ ಅಂದರೆ ಮಳೆ ಬಂದ ವರ್ಷ ನೀರು, ಬಾರದ ವರ್ಷ ದನ ಮೇಯುವ ಬಯಲು. ನದಿಯನ್ನೇ ನೋಡಬೇಕೆಂದರೆ ಗೌರಿಬಿದನೂರಿಗೆ ಹೋಗಬಹುದು, ಅಲ್ಲಿ ಪಿನಾಕಿನಿ ಇದೆ. ಆದರೆ ಅದನ್ನು ದಾಟಿದವರು ಆಚೆ ದಡದಲ್ಲಿ ನಿಂತು ಕಾಲಿನ ಮರಳು ಒದರಿಕೊಳ್ಳುತ್ತಾರೆ.

ಇಂಥ ಸೀಮೆಯ ಮೂರು ಜನ ಒಮ್ಮೆ ಬೆಳಗಿನಿಂದ ಸಂಜೆಯವರೆಗೆ ಇಡೀ ದಿನ ನೀರಿನ ಮೇಲೆ ಕೂತಿದ್ದೆವು. ಐವತ್ತರ ದಶಕದ ಮಾತು. ಆಗ ಕೊಲ್ಲಂನಿಂದ ಉತ್ತರಕ್ಕೆ ರೈಲು ಇರಲಿಲ್ಲ. ಹಿನ್ನೀರಿನಲ್ಲಿ ಮೋಟಾರು ದೋಣಿ ಹತ್ತಿ ಅಲೆಪ್ಪಿಗೆ ಹೋಗಬೇಕಿತ್ತು. ಆ ದಿನ ನೆನಪಾದರೆ ನನಗೆ ಇವತ್ತಿಗೂ ಮೊದಲು ನಗು ಬರುತ್ತದೆ. ನಗು ಮುಗಿದ ಮೇಲೆ ಆ ನೀರಿಗೆ, ಆ ದೋಣಿಗೆ, ನನ್ನ ಜೊತೆಗಿದ್ದ ಇಬ್ಬರು ಹಟಮಾರಿಗಳಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

೧. ಒಂದು ಜ್ವರ, ಎರಡು ಹರಕೆ

ನನ್ನ ತಂದೆ ತಾಯಿ ಇಬ್ಬರೂ ನಾನು ಚಿಕ್ಕವನಿದ್ದಾಗಲೇ ಹೋದರು. ಶಿಡ್ಲಘಟ್ಟದಲ್ಲಿ ನನ್ನನ್ನು ಸಾಕಿದವರು ದೊಡ್ಡಪ್ಪ, ದೊಡ್ಡಮ್ಮ. ಸಾಕಿದವರು ಅಂದರೆ ದೊಡ್ಡಮ್ಮ. ದೊಡ್ಡಪ್ಪನನ್ನು ಏನು ಕೇಳಿದರೂ "ನಿಮ್ಮ ದೊಡ್ಡಮ್ಮನ್ನ ಕೇಳು" ಅಂದು ಜಗಲಿಯ ಮೇಲೆ ಮಗ್ಗುಲಾಗುತ್ತಿದ್ದರು. ರಜ ಬಂದರೆ ನಾನು ಸಾದಲಿಗೆ ಓಡುತ್ತಿದ್ದೆ. ಅಲ್ಲಿ ನನ್ನ ಸೋದರಮಾವ, ತಾಯಿಯ ತಮ್ಮ. ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆ ಹುಳ, ಹಗಲೂ ರಾತ್ರಿ ಸೊಪ್ಪಿನ ಚಿಂತೆ. ಈ ಎರಡು ಮನೆಗಳ ಮಧ್ಯೆ ನಾನು ಯಾವ ಕೊರತೆಯೂ ಇಲ್ಲದೆ ಬೆಳೆದೆ.

ಹೈಸ್ಕೂಲಿನಲ್ಲಿದ್ದಾಗ ನನಗೆ ವಿಷಮಶೀತಜ್ವರ ಬಂತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ವಾರಗಟ್ಟಲೆ ಬಿದ್ದುಕೊಂಡಿದ್ದೆ. ಡಾಕ್ಟರು ಒಂದು ದಿನ ಏನೂ ಹೇಳದೆ ತಲೆ ತಗ್ಗಿಸಿ ಹೋದಾಗ, ಮಂಚದ ಆ ಕಡೆ ನಿಂತಿದ್ದ ದೊಡ್ಡಮ್ಮ ಕನ್ಯಾಕುಮಾರಿ ಅಮ್ಮನಿಗೆ ಹರಕೆ ಹೊತ್ತರು. ಹುಡುಗ ಉಳಿದರೆ ಕರೆದುಕೊಂಡು ಬಂದು ಸಮುದ್ರ ಸ್ನಾನ ಮಾಡಿಸುತ್ತೇನೆ ಅಂತ. ಮಂಚದ ಈ ಕಡೆ ನಿಂತಿದ್ದ ಮಾವನೂ ಮನಸ್ಸಿನಲ್ಲೇ ಅದೇ ಅಮ್ಮನಿಗೆ ಅದೇ ಹರಕೆ ಹೊತ್ತರು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ನಾನು ಉಳಿದೆ.

ಮನೆಗೆ ಬಂದ ಮೇಲೆ ನೆಂಟರಿಗೆಲ್ಲ ಊಟ ಹಾಕಿಸಿದರು. ಪಂಕ್ತಿಯಲ್ಲಿ ಕೂತ ಮಾವ, "ಏನೋ ನನ್ನ ಹರಕೆಯಿಂದ ಹುಡುಗ ಉಳ್ಕೊಂಡ" ಅಂದರು. ಸಾರು ಬಡಿಸುತ್ತಿದ್ದ ದೊಡ್ಡಮ್ಮ ಸೌಟು ಹಿಡಿದು ಅಲ್ಲೇ ನಿಂತರು. "ಯಾರ ಹರಕೆಯಿಂದ?" ಅಂದರು. ಮಾವ ಇನ್ನೊಂದು ಸಲ ಹೇಳಿದರು. ಮಾವನ ಎಲೆಗೆ ಸಾರು ಬೀಳಲಿಲ್ಲ. ಅವತ್ತಿನಿಂದ ಇಬ್ಬರೂ ಮಾತು ಬಿಟ್ಟರು.

ಆ ಡಾಕ್ಟರು ಒಮ್ಮೆ ದಾರಿಯಲ್ಲಿ ಸಿಕ್ಕಾಗ ದೊಡ್ಡಮ್ಮನನ್ನು ಕೇಳಿದರು, "ನಾನು ಶೀಶೆಗಟ್ಟಲೆ ಔಷಧಿ ಕುಡಿಸಿದ್ದೆನಲ್ಲಮ್ಮ, ಅದರದ್ದೇನೂ ಇಲ್ವಾ?" ದೊಡ್ಡಮ್ಮ ಹೇಳಿದರು, "ಇಲ್ಲ ಅಂತ ಯಾರಂದ್ರು ಸ್ವಾಮಿ? ಅದನ್ನ ಕುಡಿಸಬೇಕು ಅಂತ ನಿಮಗೆ ಬುದ್ಧಿ ಕೊಡಿಸಿದ್ದೇ ನನ್ನ ಹರಕೆ." ಡಾಕ್ಟರು ಮುಂದೆ ಯಾವಾಗಲೋ ಮಾವನನ್ನೂ ಕೇಳಿದರಂತೆ. ಅಲ್ಲಿಯೂ ಅದೇ ಉತ್ತರ ಬಂತಂತೆ.

೨. ಒಂದೇ ತಲೆ, ಎರಡು ಸ್ನಾನ

ನಾನು ಓದು ಮುಗಿಸಿ ಮೇಷ್ಟ್ರಾದೆ. ಅಷ್ಟರಲ್ಲಿ ಮಾವನ ಮಗಳೂ ಮದುವೆಗೆ ಬಂದಳು. ಚಿಕ್ಕಂದಿನಿಂದ ಜೊತೆಗೆ ಹುಳಕ್ಕೆ ಸೊಪ್ಪು ಹಾಕಿದವಳು. ಅವಳನ್ನು ಬಿಟ್ಟು ಬೇರೆಯವರನ್ನು ಮದುವೆಯಾಗುವ ಯೋಚನೆಯೇ ನನಗೆ ಬಂದಿರಲಿಲ್ಲ, ಅವಳಿಗೂ ಬಂದಿರಲಿಲ್ಲ. ಎರಡೂ ಮನೆಯವರಿಗೂ ಅದು ಗೊತ್ತಿತ್ತು. ಆದರೆ ನಮ್ಮಲ್ಲಿ ಗಂಡಿನ ಮನೆಯವರು ಹೋಗಿ ಬಾಯಿ ಬಿಟ್ಟು ಹೆಣ್ಣು ಕೇಳಬೇಕು. ಕೇಳಬೇಕಾದ ದೊಡ್ಡಮ್ಮ ಮಾತು ಬಿಟ್ಟಿದ್ದರು. ಕೇಳದೆ ಕೊಡುವುದಕ್ಕೆ ಮಾವ ತಯಾರಿರಲಿಲ್ಲ. ನಾನು ದೊಡ್ಡಪ್ಪನಿಗೆ ಹೇಳಿದೆ. "ನಿಮ್ಮ ದೊಡ್ಡಮ್ಮನ್ನ ಕೇಳು" ಅಂದರು.

ಹೀಗಿರುವಾಗ ಚಿಂತಾಮಣಿಯ ಕಡೆಯಿಂದ ಅವಳಿಗೆ ಒಂದು ಸಂಬಂಧ ಬಂತು. ಮಾವ ಅವರಿಗೆ, "ಒಂದು ಹರಕೆ ಬಾಕಿ ಇದೆ, ತೀರಿಸಿ ಬಂದು ಮಾತು ಕೊಡ್ತೀನಿ" ಅಂದರು. ಅದು ನನಗಾಗಿ ಹೊತ್ತ ಅದೇ ಹರಕೆ. ಅದು ದೊಡ್ಡಮ್ಮನ ಕಿವಿಗೆ ಬಿತ್ತು. ತಮ್ಮ ಹರಕೆಯನ್ನು ಬೇರೆಯವರು ತೀರಿಸುವುದು ಅವರಿಗೆ ಆಗಿಬರುವ ವಿಷಯವೇ ಅಲ್ಲ. ಬೇಸಿಗೆ ರಜದಲ್ಲಿ ಇಬ್ಬರೂ ಹೊರಟರು, ನನ್ನನ್ನು ಮಧ್ಯೆ ಕೂರಿಸಿಕೊಂಡು. ಊರು ಬಿಟ್ಟಾಗಿನಿಂದ ಇಬ್ಬರ ಮಾತೂ ನನ್ನ ಮೂಲಕವೇ. "ಆ ಯಜಮಾನ್ರಿಗೆ ಕಾಲು ಮಡಚ್ಕೊಳ್ಳೋಕೆ ಹೇಳಪ್ಪ." "ಆಯಮ್ಮನಿಗೆ ಹೇಳು, ಮಡಚ್ಕೊಂಡೇ ಇದೀನಿ ಅಂತ." ವಾಪಸು ಊರು ಸೇರುವಷ್ಟರಲ್ಲಿ ಇವರು ಮಾತಾಡದಿದ್ದರೆ ಅವಳು ಚಿಂತಾಮಣಿಗೆ ಹೋದಳು ಅಂತಲೇ ನಾನು ಲೆಕ್ಕ ಹಾಕಿದ್ದೆ.

ಕನ್ಯಾಕುಮಾರಿಯಲ್ಲಿ ದೊಡ್ಡಮ್ಮ ನನ್ನನ್ನು ಮುಳುಗಿಸಿ ಎತ್ತಿ, ತಲೆ ಒರೆಸಿ, ಒಣ ಬಟ್ಟೆ ಉಡಿಸಿ ಪೂಜೆ ಮಾಡಿಸಿದರು. ಮುಗಿಯುವುದನ್ನೇ ಕಾಯುತ್ತಿದ್ದ ಮಾವ ಬಂದು ನನ್ನ ಕೈ ಹಿಡಿದು ಮತ್ತೆ ನೀರಿಗೆ ಕರೆದುಕೊಂಡು ಹೋದರು. ಮತ್ತೆ ಮುಳುಗು, ಮತ್ತೆ ಒರೆಸು, ಮತ್ತೆ ಪೂಜೆ. ಅರ್ಚಕರು ನನ್ನ ಒದ್ದೆ ತಲೆ ನೋಡಿ ತಮಿಳಿನಲ್ಲಿ ಕೇಳಿದ್ದು ನನಗೆ ಚೆನ್ನಾಗಿಯೇ ಅರ್ಥವಾಯಿತು: "ಯಾಕಪ್ಪ, ಮೊದಲನೇದು ಹಿಡೀಲಿಲ್ವಾ?"

೩. ತೆಂಗಿನಕಾಯಿ

ವಾಪಸು ಬರುವ ದಾರಿಯಲ್ಲಿ ಕೊಲ್ಲಂನ ದೋಣಿಕಟ್ಟೆಗೆ ಬೆಳಿಗ್ಗೆಯೇ ಬಂದೆವು. ಉದ್ದನೆಯ ದೋಣಿ, ಮೇಲೆ ಮರದ ಚಾವಣಿ, ಒಳಗೆ ಎದುರು ಬದುರು ಹಲಗೆಗಳು. ಎಲ್ಲರೂ ಹತ್ತಿ ಕೂತರು. ದೊಡ್ಡಮ್ಮ ಮಾತ್ರ ಕಟ್ಟೆಯ ಮೇಲೆ ನಿಂತು, "ಗಂಗಮ್ಮನಿಗೆ ಪೂಜೆ ಮಾಡದೆ ಕಾಲಿಡಲ್ಲ" ಅಂದರು. ನಮ್ಮೂರಿನಲ್ಲಿ ಕೆರೆ ಕೋಡಿ ಬಿದ್ದರೆ ಮಾಡುವ ಪೂಜೆ ಅದು. ದೋಣಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಹೂವು ಇಟ್ಟು, ಚೀಲದೊಳಗಿಂದ ಒಂದು ತೆಂಗಿನಕಾಯಿ ತೆಗೆದರು.

ಅದು ಶಿಡ್ಲಘಟ್ಟದಿಂದ ಬಂದ ಕಾಯಿ. ಕಾಣದ ಊರಿನಲ್ಲಿ ಪೂಜೆಯ ಕಾಯಿ ಸಿಗುತ್ತದೋ ಇಲ್ಲವೋ ಅಂತ ಮನೆಯಿಂದಲೇ ಹೊತ್ತು ತಂದಿದ್ದರು. ದೋಣಿಯ ಯಜಮಾನ ಆ ಕಾಯಿ ನೋಡಿದ. ಆಮೇಲೆ ತಲೆಯೆತ್ತಿ ದಡದ ಉದ್ದಕ್ಕೂ ಕಣ್ಣಿಗೆ ಕಾಣುವಷ್ಟು ದೂರ ನಿಂತಿದ್ದ ತೆಂಗಿನ ಮರಗಳನ್ನು ನೋಡಿದ. ಮತ್ತೆ ನಮ್ಮ ಕಾಯಿ ನೋಡಿದ. ಮರ್ಯಾದಸ್ಥ, ಏನೂ ಹೇಳಲಿಲ್ಲ.

ದೊಡ್ಡಮ್ಮ ಕಾಯಿ ಒಡೆದು ಹತ್ತಿದ ಕೂಡಲೇ ಮಾವ ಇಳಿದರು. ಅವರ ಗಂಟಿನಿಂದಲೂ ಒಂದು ಕಾಯಿ ಹೊರಬಂತು, ಅದು ಸಾದಲಿಯದು. ದೋಣಿಯ ಹಿಂಭಾಗಕ್ಕೆ ಹೋಗಿ ಅಲ್ಲಿಯೂ ಕುಂಕುಮ ಹಚ್ಚಿ ಅದನ್ನು ಒಡೆದರು. ಮುಂದೆ ಒಂದು ಪೂಜೆ, ಹಿಂದೆ ಒಂದು ಪೂಜೆ. ಕೂತಿದ್ದ ಜನ ಎರಡೂ ಸಲ ಭಕ್ತಿಯಿಂದ ಕೈ ಮುಗಿದರು. ಇನ್ನೇನು ಹೊರಡಬೇಕು ಅನ್ನುವಾಗ ಇಂಜಿನ್ನು ನೋಡಿಕೊಳ್ಳುವವನು ಕೈ ಒರೆಸುತ್ತ ಹೊರಗೆ ಬಂದು ನಮ್ಮ ಮುಂದೆ ನಿಂತ. ಎದೆಯ ಮೇಲೆ ಕೈಯಿಟ್ಟು, ಇಂಜಿನ್ನಿನ ಕಡೆ ತೋರಿಸಿ, ಮೂರನೇ ಕಾಯಿ ಎಲ್ಲಿ ಅನ್ನುವ ಹಾಗೆ ಅಂಗೈ ಮುಂದೆ ಚಾಚಿದ.

೪. ಪಾಪ, ನೀರಿಲ್ಲದ ಜನ

ದೋಣಿ ಹೊರಟಿತು. ಎರಡೂ ಕಡೆ ನೀರು, ಮುಂದೆ ನೀರು, ಹಿಂದೆ ನೀರು. ಮಾವ ಬಾಯಿ ಬಿಟ್ಟುಕೊಂಡು ನೋಡುತ್ತ ಕೂತರು. "ಇದರಲ್ಲಿ ಒಂದು ಮೂಲೆ ನೀರು ಸಾಕು ಅಳಿಯ, ಸಾದಲಿಯಿಂದ ಜಂಗಮಕೋಟೆವರೆಗೂ ವರ್ಷಪೂರ್ತಿ ಸೊಪ್ಪು ಬೆಳೀಬೋದು" ಅಂದರು. ಆಸೆ ತಡೆಯಲಾರದೆ ಬಗ್ಗಿ ಬೊಗಸೆ ತುಂಬ ಎತ್ತಿ ಬಾಯಿಗೆ ಹಾಕಿಕೊಂಡರು. ತಕ್ಷಣ ಉಗಿದರು.

"ಉಪ್ಪು ಕಣೋ!" ಅಂದರು. ಮುಖ ಪೂರ್ತಿ ಇಳಿದುಹೋಗಿತ್ತು. ಸುತ್ತ ಕೂತಿದ್ದವರನ್ನು ಒಬ್ಬೊಬ್ಬರನ್ನಾಗಿ ಕನಿಕರದಿಂದ ನೋಡಿದರು. "ಅಯ್ಯೋ ಪಾಪ, ಇಷ್ಟು ನೀರಿದ್ದೂ ಕುಡಿಯೋಕೆ ತೊಟ್ಟಿಲ್ವಲ್ಲೋ ಈ ಜನಕ್ಕೆ."

ನಮ್ಮ ಎದುರು ಹಲಗೆಯ ಮೇಲೆ ಬಿಳಿ ಪಂಚೆ, ಬಿಳಿ ಮೇಲುವಸ್ತ್ರ ಉಟ್ಟ ಒಬ್ಬ ವಯಸ್ಸಾದ ಮಲಯಾಳಿ ಅಮ್ಮ ಕೂತಿದ್ದರು. ಮಾವ ತಮ್ಮ ಹಿತ್ತಾಳೆ ಚೊಂಬಿನಿಂದ ಒಂದು ಲೋಟ ಕುಡಿಯುವ ನೀರು ಬಗ್ಗಿಸಿ ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟರು. ಬರಗಾಲದಲ್ಲಿ ದಾರಿಹೋಕರಿಗೆ ಕೊಡುವ ಹಾಗೆ. ಆ ಅಮ್ಮ ಬೇಡ ಅನ್ನಲಿಲ್ಲ, ಕುಡಿದರು. "ನೋಡು, ಎಷ್ಟು ದಿನ ಆಗಿತ್ತೋ" ಅಂದರು ಮಾವ. ಅವರ ಕಣ್ಣಲ್ಲಿ ನೀರಿತ್ತು.

ಸ್ವಲ್ಪ ಹೊತ್ತಿಗೆ ದೋಣಿ ಕಿರಿದಾದ ಕಾಲುವೆಗೆ ಬಂತು. ದಡದ ಮನೆಗಳು ಕೈಗೆ ಸಿಗುವಷ್ಟು ಹತ್ತಿರ. ಪ್ರತಿ ಮನೆಯ ಅಂಗಳದಲ್ಲೂ ಒಂದು ಆಳವಿಲ್ಲದ ಬಾವಿ, ತುಂಬ ಸಿಹಿನೀರು. ಹೆಂಗಸರು ಬಾವಿಗೆ ಬಗ್ಗಿ ತುಂಡು ಹಗ್ಗದಲ್ಲಿ ನೀರು ಮೊಗೆದುಕೊಳ್ಳುತ್ತಿದ್ದರು. ನಮ್ಮ ಕಡೆ ಬಾವಿಗೆ ಕೊಡ ಬಿಟ್ಟರೆ ಅದು ಮೇಲೆ ಬರುವಷ್ಟರಲ್ಲಿ ಒಂದು ಹಾಡು ಮುಗಿಯುತ್ತದೆ. ಮಾವ ಒಂದೊಂದು ಬಾವಿಯನ್ನೂ ಕತ್ತು ತಿರುಗಿಸಿ ನೋಡಿದರು. ಕೊನೆಗೆ, "ಇಲ್ಲಿ ಗಂಡನ ಮೇಲೆ ಕೋಪ ಬಂದು ಬಾವಿಗೆ ಹಾರಿದ್ರೂ ಸುಖವಿಲ್ಲ ಕಣೋ, ಮಂಡಿಯುದ್ದ ನೀರಲ್ಲಿ ನಿಂತು ಬೈಬೇಕಷ್ಟೆ" ಅಂದರು.

೫. ಊರಿನ ವಾಸನೆ

ಮುಂದೆ ಒಂದು ಕಡೆ ನೀರಿನಲ್ಲಿ ತೆಂಗಿನ ಸಿಪ್ಪೆಯನ್ನು ರಾಶಿ ರಾಶಿಯಾಗಿ ಕೊಳೆಹಾಕಿದ್ದರು. ಅದರಿಂದ ನಾರು ತೆಗೆದು ಹಗ್ಗ ಮಾಡುತ್ತಾರೆ. ಆ ವಾಸನೆ ದೋಣಿಯೊಳಗೆ ನುಗ್ಗಿತು. ಪ್ರವಾಸಕ್ಕೆ ಬಂದಿದ್ದವರೆಲ್ಲ ಮೂಗು ಮುಚ್ಚಿಕೊಂಡರು, ಒಬ್ಬರು ಸೆಂಟು ಹಾಕಿದ ಕರ್ಚೀಫು ತೆಗೆದರು.

ನಮ್ಮ ಇಬ್ಬರು ಮಾತ್ರ ತಲೆಯೆತ್ತಿ ದೀರ್ಘವಾಗಿ ಉಸಿರೆಳೆದುಕೊಂಡರು. ಶಿಡ್ಲಘಟ್ಟದಲ್ಲಿ ನಮ್ಮ ಮನೆಯ ಹಿಂದೆಯೇ ರೇಷ್ಮೆ ಬಿಚ್ಚುವವರ ಸಾಲು. ಗೂಡು ಬೇಯಿಸಿದ ನೀರಿನ ವಾಸನೆ ನಮಗೆ ಮನೆಯ ವಾಸನೆ. ಹೊರಟಾಗಿನಿಂದ ಒಂದೇ ಒಂದು ವಿಷಯದಲ್ಲೂ ಒಮ್ಮತವಿಲ್ಲದ ದೊಡ್ಡಮ್ಮ ಮತ್ತು ಮಾವ ಒಟ್ಟಿಗೆ ನನ್ನ ಕಡೆ ತಿರುಗಿ, "ನಮ್ಮೂರ ಥರಾನೇ ಇದೆ ಅಲ್ವಾ?" ಅಂದರು. ಅಂದ ಮೇಲೆ ಒಬ್ಬರನ್ನೊಬ್ಬರು ಕೇಳಿಸಿಕೊಂಡದ್ದು ಗೊತ್ತಾಗಿ ಇಬ್ಬರೂ ಬಿಗಿದುಕೊಂಡರು.

ದಡದಲ್ಲಿ ಹೆಂಗಸರು ರಾಟೆಗೆ ನಾರು ಸಿಕ್ಕಿಸಿ ಹಿಂದಹಿಂದಕ್ಕೆ ನಡೆಯುತ್ತ ಹುರಿ ಹೊಸೆಯುತ್ತಿದ್ದರು. ಮಾವನಿಗೆ ಅದು ನಮ್ಮ ರೇಷ್ಮೆ ಚರಕದ ಹಾಗೇ ಕಂಡಿತು. ಕಂದು ಬಣ್ಣದ ಆ ದಪ್ಪ ಎಳೆಯನ್ನು ದಿಟ್ಟಿಸಿ ನೋಡಿದರು. ಒಬ್ಬ ಅನುಭವಸ್ಥ ಬೆಳೆಗಾರನ ಗಾಂಭೀರ್ಯದಿಂದ ನನ್ನ ಕಿವಿಯಲ್ಲಿ, "ಇಂಥ ನೂಲು ಬಿಡಬೇಕಾದ್ರೆ ಹುಳ ಏನಿಲ್ಲ ಅಂದ್ರೂ ಉಡದ ಗಾತ್ರ ಇರಬೇಕು. ಹತ್ತಿರ ಹೋಗಬೇಡ, ಸೊಪ್ಪು ಅಂದ್ಕೊಂಡು ಕಚ್ಚಿಬಿಟ್ಟಾವು" ಅಂದರು.

೬. ಮಲಗಿದ ಯಜಮಾನರು

ನಮ್ಮ ಕಡೆಯವರಿಗೆ ಒಂದು ದೃಢವಾದ ನಂಬಿಕೆಯಿದೆ. ಕನ್ನಡ ಬಾರದವರಿಗೆ ತೆಲುಗು ಬಂದೇ ಬರುತ್ತದೆ ಅಂತ. ಆಂಧ್ರದ ಗಡಿಯಲ್ಲಿ ಇರುವುದರಿಂದ ನಮಗೆ ಪ್ರಪಂಚದಲ್ಲಿ ಮೂರನೆಯ ಭಾಷೆ ಕಂಡೇ ಇಲ್ಲ. ಹಾಗಾಗಿ ದೊಡ್ಡಮ್ಮ ಆ ಮಲಯಾಳಿ ಅಮ್ಮನನ್ನು ಧಾರಾಳವಾಗಿ ತೆಲುಗಿನಲ್ಲಿ ಮಾತಾಡಿಸಿದರು. ಅವರು ಅಷ್ಟೇ ಧಾರಾಳವಾಗಿ ಮಲಯಾಳದಲ್ಲಿ ಉತ್ತರ ಕೊಟ್ಟರು. ಇಬ್ಬರ ಕೈ, ಕಣ್ಣು, ಹುಬ್ಬು ಎಲ್ಲ ಆಡುತ್ತಿದ್ದವು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಆಮೇಲೆ ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಹೇಳಿದರು, "ಪಾಪ ಕಣೋ, ಆ ತಾಯಿ ಯಜಮಾನ್ರು ಹಾಸಿಗೆ ಹಿಡಿದುಬಿಟ್ಟಿದ್ದಾರಂತೆ." ನನಗೂ ಅಯ್ಯೋ ಅನ್ನಿಸಿತು. ಅದೇ ಹೊತ್ತಿಗೆ ಆ ಅಮ್ಮನೂ ಪಕ್ಕದಲ್ಲಿದ್ದ ಇಂಗ್ಲಿಷ್ ಬರುವ ಗುಮಾಸ್ತರೊಬ್ಬರಿಗೆ ಏನೋ ಹೇಳಿ ಕಣ್ಣೊರೆಸಿಕೊಂಡರು. ಗುಮಾಸ್ತರು ನನ್ನ ಕಡೆ ಬಾಗಿ, "ನಿಮ್ಮ ದೊಡ್ಡಪ್ಪನವರಿಗೆ ಬಹಳ ಕಾಯಿಲೆಯಂತೆ, ಏಳುವುದಕ್ಕೇ ಆಗುವುದಿಲ್ಲವಂತೆ, ಈಕೆ ಬಹಳ ನೊಂದುಕೊಂಡಿದ್ದಾರೆ" ಅಂದರು.

ವಿಚಾರಿಸಿದರೆ ಆದದ್ದು ಇಷ್ಟು. ಯಜಮಾನರು ಯಾಕೆ ಬರಲಿಲ್ಲ ಅಂತ ಅವರು ಕೇಳಿರಬೇಕು. ದೊಡ್ಡಮ್ಮ ದೊಡ್ಡಪ್ಪ ಜಗಲಿಯ ಮೇಲೆ ಮಲಗುವುದನ್ನು ಅಭಿನಯಿಸಿ ತೋರಿಸಿದ್ದಾರೆ. ಆ ಅಮ್ಮ ಗಾಬರಿಯಾಗಿ, ಹೀಗಾ ಅಂತ ಅದನ್ನೇ ತಿರುಗಿ ಅಭಿನಯಿಸಿದ್ದಾರೆ. ಅವರ ಯಜಮಾನರೂ ಹೀಗೆಯೇ ಬಿದ್ದಿದ್ದಾರೆ ಅಂತ ದೊಡ್ಡಮ್ಮ ತಿಳಿದಿದ್ದಾರೆ. ನಾನು ಬಿಡಿಸಿ ಹೇಳುವ ಮೊದಲೇ ಗುಮಾಸ್ತರ ಊರು ಬಂತು, ಅವರು ಇಳಿದುಹೋದರು. ಇಬ್ಬರು ಹೆಂಗಸರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಧೈರ್ಯ ಹೇಳಿಕೊಳ್ಳುತ್ತಿದ್ದರು. ಸುಮ್ಮನಾದೆ.

ಊರಿಗೆ ಬಂದ ಮೇಲೆ ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಅವರು ಜಗಲಿಯ ಮೇಲೆ ಎದ್ದು ಕೂತರು, ಅದೇ ಒಂದು ವಿಶೇಷ. "ನೋಡು, ಮುಖ ಕಾಣದೋರು ಅಷ್ಟು ದೂರದಲ್ಲಿ ನನಗೋಸ್ಕರ ಅತ್ತಿದಾರೆ. ಈ ಮನೇಲಿ ಒಬ್ಬರಾದ್ರೂ ಅತ್ತಿದೀರಾ?" ಅಂದು ಮತ್ತೆ ಮಲಗಿದರು.

೭. ಕಜ್ಜಾಯದ ಪಂದ್ಯ

ಮಧ್ಯಾಹ್ನ ಬುತ್ತಿ ಬಿಚ್ಚಿದರು. ದೊಡ್ಡಮ್ಮನ ಡಬ್ಬಿಯಲ್ಲಿ ಕಜ್ಜಾಯ. ಮಾವನ ಬುಟ್ಟಿಯಲ್ಲೂ ಕಜ್ಜಾಯ. ಮಾವ ಮೆಲ್ಲಗೆ, "ಇದು ಮಗಳು ಕೂತು ಕರಿದಿದ್ದು" ಅಂದರು. ಆ ಮಾತು ಕೇಳಿ ನನ್ನ ಕೈ ತಾನಾಗಿ ಆ ಬುಟ್ಟಿಯ ಕಡೆ ಹೋಯಿತು. ದೊಡ್ಡಮ್ಮ ನೋಡಿದರು. ಅವರದೊಂದು ನನ್ನ ಕೈಗಿಟ್ಟರು. ತಿಂದೆ. ಮಾವ ಇನ್ನೊಂದು ಕೊಟ್ಟರು. ದೊಡ್ಡಮ್ಮ ಅದಕ್ಕೆ ಸಮನಾಗಿ ಇನ್ನೊಂದು. ಒಬ್ಬರದು ಹೆಚ್ಚು ತಿಂದರೆ ಇನ್ನೊಬ್ಬರ ಮುಖ ಸಣ್ಣದಾಗುತ್ತಿತ್ತು. ಸಾಕಿದ ಕೈಗೆ ಬೇಡ ಅನ್ನಲಾರೆ, ಹೆಣ್ಣು ಕೊಡಬೇಕಾದ ಕೈಗೂ ಬೇಡ ಅನ್ನಲಾರೆ. ತಿನ್ನುತ್ತಲೇ ಇದ್ದೆ.

ಅಷ್ಟರಲ್ಲಿ ದೋಣಿ ಕಾಲುವೆ ಬಿಟ್ಟು ಅಗಲವಾದ ಕಾಯಲಿಗೆ, ಅಂದರೆ ಸಮುದ್ರದಂಥ ಹಿನ್ನೀರಿಗೆ ಬಂತು. ಗಾಳಿ ಎದ್ದು ದೋಣಿ ತೂಗತೊಡಗಿತು. ಎಣ್ಣೆ, ಬೆಲ್ಲ, ಅಕ್ಕಿಹಿಟ್ಟು ಎಲ್ಲವೂ ಹೊಟ್ಟೆಯೊಳಗೆ ಒಟ್ಟಿಗೆ ತೂಗತೊಡಗಿದವು. ನಾನು ಅಂಚಿಗೆ ಓಡಿ ಬಗ್ಗಿದೆ. ಒಂದು ಭುಜ ದೊಡ್ಡಮ್ಮ ಹಿಡಿದರು, ಒಂದು ಭುಜ ಮಾವ ಹಿಡಿದರು. ಎಂಥ ಪುಣ್ಯವಂತ ನಾನು ಅಂತ ಆ ಸ್ಥಿತಿಯಲ್ಲೂ ಅಂದುಕೊಂಡೆ.

ಎಲ್ಲ ಮುಗಿದು ನಾನು ತಲೆಯೆತ್ತಿದಾಗ ಎರಡೂ ಕಿವಿಯಲ್ಲಿ ಒಂದೇ ಪ್ರಶ್ನೆ ಬಂತು: "ಯಾರ ಮನೇದು ಹೋಯ್ತಪ್ಪ?"

೮. ಮಧ್ಯಸ್ಥರು

ನನ್ನನ್ನು ಹಲಗೆಯ ಮೇಲೆ ಮಲಗಿಸಿ ಮುಖದ ಮೇಲೆ ಒದ್ದೆ ಟವಲು ಹಾಕಿದರು. ತಲೆಯ ಕಡೆ ಮಾವ, ಕಾಲಿನ ಕಡೆ ದೊಡ್ಡಮ್ಮ, ಎದುರಿಗೆ ಆ ಮಲಯಾಳಿ ಅಮ್ಮ. ಈಗ ಒಂದು ತೊಂದರೆ ಬಂತು. ಇಬ್ಬರ ಮಾತನ್ನು ದಾಟಿಸುತ್ತಿದ್ದವನು ನಾನು, ನಾನೇ ಮಲಗಿಬಿಟ್ಟಿದ್ದೆ.

ದೊಡ್ಡಮ್ಮ ಟವಲು ಸರಿಮಾಡಿದರು. ಆಮೇಲೆ ಆ ಅಮ್ಮನ ಕಡೆ ತಿರುಗಿ, "ಆಯನಕಿ ಚೆಪ್ಪಮ್ಮಾ, ಪಿಲ್ಲೋಡಿ ತಲ ಕಿಂದ ಏಮೈನಾ ಪೆಟ್ಟಮನಿ" ಅಂದರು. ಹುಡುಗನ ತಲೆಯ ಕೆಳಗೆ ಏನಾದರೂ ಇಡೋಕೆ ಆತನಿಗೆ ಹೇಳಮ್ಮ ಅಂತ.

ಆ ಅಮ್ಮ "ಶರಿ, ಶರಿ" ಅಂದರು. ಮಾವನ ಕಡೆ ತಿರುಗಿ ಮಲಯಾಳದಲ್ಲಿ ಏನೋ ಉದ್ದವಾಗಿ ಹೇಳಿದರು. ದೊಡ್ಡಮ್ಮ ಅಂದದ್ದು ಮಾವನಿಗೆ ಮಾರು ದೂರದಿಂದ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಆ ಅಮ್ಮ ಹೇಳಿ ಮುಗಿಸುವವರೆಗೆ ಕಾದು, ಆಮೇಲೆ ತಮ್ಮ ಹೆಗಲ ಮೇಲಿನ ವಲ್ಲಿ ಮಡಚಿ ನನ್ನ ತಲೆಯ ಕೆಳಗಿಟ್ಟರು. ಅವರೂ ಆ ಅಮ್ಮನಿಗೇ ತೆಲುಗಿನಲ್ಲಿ ಹೇಳಿದರು, "ಅಷ್ಟೊಂದು ಕಜ್ಜಾಯ ತುರುಕದೆ ಇದ್ದಿದ್ರೆ ಹೀಗಾಗ್ತಿರಲಿಲ್ಲ ಅಂತ ಹೇಳಮ್ಮ."

ಆ ಅಮ್ಮ ದೊಡ್ಡಮ್ಮನ ಕಡೆ ತಿರುಗಿದರು. ಮತ್ತೆ ಮಲಯಾಳ.

"ಮೊದಲು ಬುಟ್ಟಿ ಬಿಚ್ಚಿದ್ದು ಯಾರು ಅಂತ ಕೇಳಮ್ಮ" ಅಂದರು ದೊಡ್ಡಮ್ಮ.

ಹೀಗೆ ಶುರುವಾಯಿತು. ನಾನು ಟವಲಿನ ಅಂಚಿನಿಂದ ಇಣುಕುತ್ತ ಕೇಳುತ್ತಿದ್ದೆ. ಆ ಅಮ್ಮ ಪ್ರತಿಯೊಂದು ಮಾತಿಗೂ ನ್ಯಾಯವಾಗಿ ಈ ಕಡೆ ಒಂದು ಸಲ, ಆ ಕಡೆ ಒಂದು ಸಲ ತಿರುಗುತ್ತಿದ್ದರು. ಏನು ಹೇಳುತ್ತಿದ್ದರೋ ದೇವರಿಗೇ ಗೊತ್ತು. ನಡುನಡುವೆ ಮಾವನಿಗೆ ಬೆರಳು ತೋರಿಸಿ ಗದರಿದರು. ದೊಡ್ಡಮ್ಮನಿಗೆ ಖುಷಿಯಾಯಿತು. ಆಮೇಲೆ ದೊಡ್ಡಮ್ಮನಿಗೂ ಅದೇ ಬೆರಳು ತೋರಿಸಿದರು. ಮಾವನಿಗೆ ಸಮಾಧಾನವಾಯಿತು. ಈಯಮ್ಮ ನನ್ನ ಕಡೆ ಅಂತ ಇಬ್ಬರಿಗೂ ನಂಬಿಕೆ ಬಂದುಬಿಟ್ಟಿತು.

ಮಾತು ಕಜ್ಜಾಯದಿಂದ ಜ್ವರಕ್ಕೆ ಹೋಯಿತು. "ಆಸ್ಪತ್ರೇಲಿ ಹುಡುಗನ ಕಾಲು ಒತ್ತುತ್ತಾ ಕೂತಿದ್ದು ಯಾರು ಕೇಳಮ್ಮ" ಅಂದರು ದೊಡ್ಡಮ್ಮ.

"ನಾನೂ ಬಂದು ನಿಂತಿರಲಿಲ್ವಾ ಕೇಳಮ್ಮ. ಮನೇಲಿ ಹುಳ ಪೊರೆ ಬಿಟ್ಟೆದ್ದು ಸೊಪ್ಪಿಗೆ ಬಾಯಿ ಬಿಡ್ತಾ ಇತ್ತು. ಬಿಟ್ಟು ಬಂದೆ. ಆ ಬೆಳೆ ಒಂದು ಗೂಡಿಲ್ಲದ ಹಾಗೆ ಹೋಯ್ತು."

ದೊಡ್ಡಮ್ಮ ತಗ್ಗಿದ ದನಿಯಲ್ಲಿ, "ಬೆಳೆ ಹೋಗಿದ್ದು ಯಾಕೆ ಹೇಳಲಿಲ್ಲ ಅಂತ ಕೇಳಮ್ಮ" ಅಂದರು.

"ಮಾತು ಬಿಟ್ಟೋರಿಗೆ ಹೇಗೆ ಹೇಳೋದು ಅಂತ ಕೇಳಮ್ಮ."

"ನಾನು ಅವತ್ತಿಂದ ಇವತ್ತಿನವರೆಗೂ ಶುಕ್ರವಾರ ಒಪ್ಪತ್ತು ಮಾಡ್ತಾ ಇದೀನಿ, ಈ ಹುಡುಗ ಚೆನ್ನಾಗಿರಲಿ ಅಂತ. ಅದನ್ನ ಯಾರಿಗೆ ಹೇಳ್ಲಿ ಅಂತ ಕೇಳಮ್ಮ."

ಬೆಳೆ ಹೋದದ್ದು ನನಗೂ ಗೊತ್ತಿರಲಿಲ್ಲ. ಶುಕ್ರವಾರ ದೊಡ್ಡಮ್ಮನಿಗೆ ಹಸಿವಿಲ್ಲ ಅಂತಲೇ ನಾನು ತಿಳಿದಿದ್ದೆ. ಟವಲು ಮೊದಲೇ ಒದ್ದೆಯಾಗಿದ್ದದ್ದು ಒಳ್ಳೆಯದಾಯಿತು. ನನಗೆ ಜೀವ ಕೊಟ್ಟದ್ದು ಯಾರ ಹರಕೆಯೋ ಇರಲಿ, ಇವರಿಬ್ಬರೂ ಸೇರಿ ಅದನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದರು.

ಅಷ್ಟರಲ್ಲಿ ದೋಣಿ ಒಂದು ಸಣ್ಣ ಕಟ್ಟೆಗೆ ತಾಗಿತು. ಆ ಅಮ್ಮನ ಊರು. ಅವರು ಎದ್ದು ಗಂಟು ತೆಗೆದುಕೊಂಡು, ಮಲಗಿದ್ದ ನನ್ನ ಕಡೆ ಕೈ ತೋರಿಸಿ, ಇಬ್ಬರಿಗೂ ಏನೋ ಹೇಳಿ ಜೋರಾಗಿ ನಕ್ಕರು. ಇಬ್ಬರ ಕೆನ್ನೆಯನ್ನೂ ಸವರಿ, "ಪೋಟ್ಟೆ" ಅಂದು, ಹೋಗಿಬರ್ತೀನಿ ಅನ್ನುವ ಹಾಗೆ ಕೈಯಾಡಿಸಿ ಇಳಿದುಹೋದರು.

ದೋಣಿ ಮತ್ತೆ ಹೊರಟಿತು. ಎದುರಿನ ಹಲಗೆ ಖಾಲಿ. ಇಂಜಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಮತ್ತೆ ಇಣುಕಿ ನೋಡಿದೆ. ಇಬ್ಬರೂ ಖಾಲಿ ಹಲಗೆಯನ್ನೇ ನೋಡುತ್ತ ಕೂತಿದ್ದರು. ಇಳಿದು ಹೋಗೋಣವೆಂದರೆ ಸುತ್ತ ನೀರು. ಅಲೆಪ್ಪಿ ಬರುವವರೆಗೆ ಹೀಗೆಯೇ ಬಿಗಿದುಕೊಂಡರೆ ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಈಗ ಯಾರಿಗೆ ಹೇಳೋದು?" ಅಂದರು ದೊಡ್ಡಮ್ಮ, ಹಲಗೆಯ ಕಡೆ ನೋಡುತ್ತ.

"ನನಗೇ ಹೇಳಕ್ಕಯ್ಯ" ಅಂದರು ಮಾವ, ಅದೇ ಹಲಗೆಯ ಕಡೆ ನೋಡುತ್ತ.

"ಚಿಂತಾಮಣಿಯೋರಿಗೆ ಮಾತು ಕೊಟ್ಟಿದೀಯೇನಪ್ಪ?"

"ಇನ್ನೂ ಇಲ್ಲ."

"ಕೊಡಬೇಡ. ಊರಿಗೆ ಹೋದ ಮೇಲೆ ಎಲೆ ಅಡಿಕೆ ಇಟ್ಕೊಂಡು ಬರ್ತೀನಿ, ಹೆಣ್ಣು ಕೇಳೋಕೆ." ಸ್ವಲ್ಪ ತಡೆದು, "ಆದ್ರೆ ಒಂದು ಮಾತು. ಹುಡುಗ ಉಳ್ಕೊಂಡಿದ್ದು ನನ್ನ ಹರಕೆಯಿಂದ" ಅಂದರು.

ಮಾವ ಮೀಸೆ ನೀವಿಕೊಂಡರು, ನೀರು ನೋಡಿದರು, ಆಕಾಶ ನೋಡಿದರು.

"ಆಗಲಿ ಅಕ್ಕಯ್ಯ. ಉಳ್ಕೊಂಡಿದ್ದು ನಿಮ್ಮ ಹರಕೆಯಿಂದ. ಮೇಷ್ಟ್ರಾಗಿದ್ದು ನನ್ನ ಹರಕೆಯಿಂದ."

ದೊಡ್ಡಮ್ಮ ಯೋಚಿಸಿದರು. "ಆಯ್ತು. ಹಾಗೆ ಹಂಚ್ಕೊಳ್ಳಣ" ಅಂದರು.

ನಾನು ಟವಲು ಕಿತ್ತು ಎದ್ದು ಕೂತು, "ನನಗೆ ಒಪ್ಪಿಗೆ!" ಅಂದೆ.

"ಸುಮ್ನೆ ಮಲಕ್ಕೊಳೋ, ದೊಡ್ಡೋರು ಮಾತಾಡ್ತಾ ಇರೋವಾಗ ಮಧ್ಯೆ ಬಾಯಿ ಹಾಕ್ಬೇಡ" ಅಂದರು ಇಬ್ಬರೂ ಒಟ್ಟಿಗೆ. ಇಷ್ಟು ವರ್ಷ ಅವರ ಮಧ್ಯೆ ಬಾಯಿ ಹಾಕುವುದೇ ನನ್ನ ಕೆಲಸವಾಗಿತ್ತು. ಅದು ಹೋದದ್ದಕ್ಕೆ ಇಂಥ ಸಂತೋಷ ಯಾರಿಗೂ ಆಗಿರಲಾರದು.

ಅದೇ ವರ್ಷ ನಮ್ಮ ಮದುವೆಯಾಯಿತು. ಮದುವೆ ಮಾತು ಕುದುರಿಸಿದ ಮಧ್ಯಸ್ಥರಿಗೆ ಚಪ್ಪರದಲ್ಲಿ ಎಲ್ಲರಿಗಿಂತ ಮೊದಲು ತಾಂಬೂಲ ಕೊಡುವುದು ನಮ್ಮಲ್ಲಿ ವಾಡಿಕೆ. ಪೆರೇಸಂದ್ರದಿಂದ ಬಂದಿದ್ದ ಹಿರಿಯ ನೆಂಟರೊಬ್ಬರು ತಟ್ಟೆ ಹಿಡಿದು, "ಮಧ್ಯಸ್ಥರು ಯಾರಪ್ಪ? ಮುಂದೆ ಬರಲಿ" ಅಂದರು.

"ಅವರು ಇಲ್ಲಿಲ್ಲ. ಮಲಯಾಳದ ಒಬ್ಬ ತಾಯಿ" ಅಂದರು ಮಾವ.

"ಅಲ್ಲಯ್ಯ, ಇಷ್ಟು ವರ್ಷ ಊರಿಗೆ ಊರೇ ಹೇಳಿದ್ರೂ ಕೇಳದ ನಿಮ್ಮಿಬ್ಬರನ್ನ ಆಯಮ್ಮ ಒಂದು ಮಧ್ಯಾಹ್ನದಲ್ಲಿ ಒಪ್ಪಿಸಿಬಿಟ್ಳಾ! ಅಂಥಾದ್ದು ಏನ್ ಹೇಳಿದ್ಳು?"

ಮಾವ ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ತಾಂಬೂಲದ ತಟ್ಟೆಗೆ ಇನ್ನೂ ಎರಡು ಎಲೆ ಹೆಚ್ಚಾಗಿ ಇಟ್ಟು ಹೇಳಿದರು:

"ಅದು ಅರ್ಥ ಆಗಿದ್ದಿದ್ರೆ ನಾವೆಲ್ಲಿ ಒಪ್ತಿದ್ವಿ ಅಣ್ಣ?"